ಸೂರಿನ ಕೆಳಗಿನ ಮಂಚ

ವಿಮಲಾಕ್ಷಮ್ಮನ ತಟ್ಟೆಗೆ ಅವತ್ತೂ ಸುಣ್ಣ ಬಿತ್ತು. ಹುಳಿ ಅನ್ನ ಕಲಸಿಕೊಂಡು ಇನ್ನೇನು ತುತ್ತು ಎತ್ತಬೇಕು, ಮೇಲಿನಿಂದ ಕಡಲೆಬೇಳೆಯಷ್ಟು ಚೂರು ಟಪ್ಪೆಂದು ಅನ್ನದ ನಡುವೆ ಬಂದು ಕೂತಿತು. ಅದನ್ನು ಎರಡು ಬೆರಳಲ್ಲಿ ಎತ್ತಿ, ಕರಿಬೇವಿನ ಎಲೆ ಎತ್ತಿಡುವ ಹಾಗೆ ತಟ್ಟೆಯ ಅಂಚಿಗಿಟ್ಟು ಆಕೆ ಕೂಗಿದಳು.

"ಮೂರ್ತೀ! ನಿನ್ನ ಮನೆ ನನ್ನ ತಟ್ಟೇಲಿ ಬೀಳ್ತಿದೆ, ಬಂದು ನೋಡೋ!"

ಊಟದ ಮೇಜಿನ ಮುಂದೆ ಕೂತಿದ್ದ ತಮ್ಮ ಶ್ರೀನಿವಾಸಮೂರ್ತಿ ತಲೆ ಎತ್ತಲಿಲ್ಲ. "ಮಂಚ ಸ್ವಲ್ಪ ಆ ಕಡೆ ಎಳ್ಕೋ ಅಕ್ಕ."

"ಮಂಚ ಎಳ್ಕೋಬೋದು. ಕಿಟಕಿ ಎಳ್ಕೊಳ್ಳೋಕಾಗತ್ತೇನೋ?"

"ಹಾಗಾದ್ರೆ ತಟ್ಟೆ ಮೇಲೆ ಕೈ ಅಡ್ಡ ಇಟ್ಕೊಂಡು ಊಟ ಮಾಡು."

ಹಲಸೂರು ಕೆರೆಯ ಹಿಂದಿನ ಆ ಬೀದಿಯಲ್ಲಿ ಹೆಂಚಿನ ಮನೆ ಎಂದು ಉಳಿದಿದ್ದು ಅದೊಂದೇ. ಹೆಂಚಿನ ಕೆಳಗೆ ತೊಲೆ, ತೊಲೆಯ ಕೆಳಗೆ ರೀಪರ್ ಪಟ್ಟಿ. ಎರಡು ಬೆರಳಗಲದ ತೆಳ್ಳನೆಯ ಮರದ ಪಟ್ಟಿಗಳನ್ನು ಸಾಲಾಗಿ, ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟು ತೊಲೆಗೆ ಮೊಳೆ ಹೊಡೆದು, ಕೆಳಗಿನಿಂದ ಸುಣ್ಣದ ಗಾರೆ ಮೆತ್ತಿದ್ದರು. ಗಾರೆ ಸಂದಿಯೊಳಗೆ ನುಗ್ಗಿ ಪಟ್ಟಿಯ ಬೆನ್ನ ಹಿಂದೆ ಉಬ್ಬಿ ಗಟ್ಟಿಯಾದರೆ ಸೂರು ನಿಂತಿತು ಎಂದು ಲೆಕ್ಕ. ದಂಡಿನ ಬಂಗಲೆಗಳನ್ನು ಕಟ್ಟಿದ ಮೇಸ್ತ್ರಿಗಳು ಹಾಗೇ ಕಟ್ಟುತ್ತಿದ್ದರು. ಅವರ ಕೈಕೆಳಗೆ ಕಲಿತವನೊಬ್ಬ ಮೂರ್ತಿಯ ಅಪ್ಪನಿಗೂ ಹಾಗೇ ಕಟ್ಟಿಕೊಟ್ಟಿದ್ದ. ಬೇಸಿಗೆಯಲ್ಲಿ ಫ್ಯಾನು ಬೇಡದಷ್ಟು ತಂಪು. ಈಗ ಆ ಬೆನ್ನ ಹಿಂದಿನ ಹಿಡಿತ ಅಲ್ಲಲ್ಲಿ ಬಿಟ್ಟುಹೋಗಿ, ವಿಮಲಾಕ್ಷಮ್ಮನ ಮಂಚದ ನೇರಕ್ಕೆ ಸೂರು ಹೊಟ್ಟೆ ಇಳಿಬಿಟ್ಟಿತ್ತು. ಹೀಗೇ ವರ್ಷಗಳು ಕಳೆದಿದ್ದವು. "ಈ ಸಲ ಬೇಸಿಗೇಲಿ ಮಾಡ್ಸೋಣ" ಎಂದು ಮೂರ್ತಿ ಪ್ರತಿ ಮಳೆಗಾಲದಲ್ಲಿ ಹೇಳುತ್ತಿದ್ದ. ಬೇಸಿಗೆಯಲ್ಲಿ ತಂಪಾಗಿರುತ್ತಿತ್ತಲ್ಲ, ಮರೆಯುತ್ತಿದ್ದ.

ವಿಮಲಾಕ್ಷಮ್ಮ ದೂರವಾಣಿನಗರದ ಕಾರ್ಖಾನೆಯಲ್ಲಿ ತಂತಿಯ ಸುರುಳಿ ಸುತ್ತುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಯಂತ್ರದ ಸದ್ದಿಗೆ ಕಿವಿ ಮಂದವಾಗಿ ದನಿ ದೊಡ್ಡದಾಗಿತ್ತು. ಆಕೆ ಗುಟ್ಟು ಹೇಳಿದರೆ ಬೀದಿಯ ತಿರುವಿನವರೆಗೆ ಕೇಳಿಸುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ನೋಡೋಕೆ ಬಂದಿದ್ದ ಗಂಡು ಉಗುರು ಕಡೀತಿದ್ದ" ಎನ್ನುವಳು. ನಶ್ಯ ಏರಿಸುವಳು, ರೇಡಿಯೊ ಜೋರಾಗಿ ಹಾಕುವಳು, ಬಂದವರಿಗೆಲ್ಲ ಮನೆಯ ಒಳಗುಟ್ಟು ಬಡಿಸುವಳು. ಒಟ್ಟಿನಲ್ಲಿ ಜೊತೆಗೆ ಬಾಳಲು ಸುಲಭದ ಹೆಂಗಸಲ್ಲ. ಮನೆ ಅಪ್ಪ ಕಟ್ಟಿಸಿದ್ದು, ಅಂದರೆ ತನ್ನದೂ ಹೌದು ಎಂಬ ಮಾತನ್ನು ದಿನಕ್ಕೊಮ್ಮೆ ಹೇಳುತ್ತಿದ್ದಳು. ದಿನಾ ಹೇಳುತ್ತಿದ್ದುದರಿಂದಲೇ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮೊಣಕಾಲು ಕೈಕೊಟ್ಟ ಮೇಲೆ ಆಕೆಗೆ ಉಳಿದಿದ್ದು ಹಾಲ್‌ನ ಆ ಕಿಟಕಿ. ಅದರ ಪಕ್ಕದಲ್ಲಿ ಅಪ್ಪ ಮಲಗುತ್ತಿದ್ದ ಸಾಗುವಾನಿ ಮಂಚ. ತಾನು ಬೀದಿಗೆ ಹೋಗಲಾಗದಿದ್ದರೂ ಬೀದಿ ಕಿಟಕಿಗೆ ಬರುತ್ತಿತ್ತು. ಬೆಳಿಗ್ಗೆ ತರಕಾರಿ ಗಾಡಿಯವಳ ಜೊತೆ ತಮಿಳಿನಲ್ಲಿ ಜಗಳ, ಹೂವಿನವನ ಜೊತೆ ಕನ್ನಡದಲ್ಲಿ ಚೌಕಾಸಿ, ಮಧ್ಯಾಹ್ನ ಎದುರು ಮನೆಯಲ್ಲಿ ರವಿಕೆ ಹೊಲಿಯುವ ಬದ್ರುನ್ನೀಸಾ ಚಹಾದ ಲೋಟ ಹಿಡಿದು ಬಂದು ಕಂಬಿಗೆ ಒರಗಿ, "ಕ್ಯಾ ಆಪಾ, ಊಟ ಆಯ್ತಾ?" ಎಂದರೆ ಮುಂದಿನ ಒಂದು ತಾಸು ಇಬ್ಬರಿಗೂ ಪ್ರಪಂಚ ಬೇಡ. ಸುಣ್ಣ ತಲೆಗೆ ಉದುರಲಿ, ತಟ್ಟೆಗೆ ಉದುರಲಿ, ಆ ಜಾಗ ಬಿಡಲು ಆಕೆ ತಯಾರಿರಲಿಲ್ಲ.

ಜ್ಯೇಷ್ಠ ಮಾಸದಲ್ಲಿ ಮೂರ್ತಿಯ ಮಗಳು ವಿಭಾಳಿಗೆ ಸಂಬಂಧ ಕೂಡಿಬಂತು. ಹುಡುಗ ಸಮರ್ಥ್, ಕಲ್ಯಾಣ ನಗರದವನು, ಬ್ಯಾಂಕಿನಲ್ಲಿ ಕೆಲಸ. ಆಷಾಢ ಕಾಲಿಡುವ ಮೊದಲೇ ಹೆಣ್ಣಿನ ಮನೆಯಲ್ಲಿ ನಿಶ್ಚಿತಾರ್ಥ, ಶ್ರಾವಣದಲ್ಲಿ ಮದುವೆ ಎಂದು ಮಾತಾಯಿತು. ಅಲ್ಲಿಯವರೆಗೆ ಕಾಣದಿದ್ದ ಸೂರು ಮಾರನೆಯ ಬೆಳಿಗ್ಗೆ ಮೂರ್ತಿಯ ಹೆಂಡತಿ ಶಾಂತಕುಮಾರಿಯ ಕಣ್ಣಿಗೆ ಕಂಡಿತು.

"ಏನ್ರೀ ಇದು? ಜನ ಬಂದು ಕೂತ್ಕೊಂಡಾಗ ಮೇಲೆ ನೋಡಿದ್ರೆ ಮರ್ಯಾದೆ ಏನಾಗ್ಬೇಕು?" ಎಂದಳು, ದೋಸೆ ಮಗುಚುತ್ತಾ.

"ಕೆಳಗೆ ನೋಡ್ತಾರೆ ಬಿಡೆ."

"ಅಮ್ಮ ಹೇಳೋದು ಸರಿ ಅಪ್ಪ" ಎಂದ ಮಗ ವಿಕ್ರಮ್. "ಫಾಲ್ಸ್ ಸೀಲಿಂಗ್ ಹಾಕ್ಸಿದ್ರಾಯ್ತು. ನಾಲ್ಕು ದಿನದ ಕೆಲ್ಸ."

"ಆರು ವರ್ಷದಿಂದ ದೊಡ್ಡತ್ತೆ ಹೇಳ್ತಾನೇ ಇದಾರೆ" ಎಂದಳು ವಿಕ್ರಮನ ಹೆಂಡತಿ ರಂಜನಾ, ಚಟ್ನಿ ಬಡಿಸುತ್ತಾ. ಅವಳು ಆ ಮನೆಗೆ ಬಂದೂ ಆರು ವರ್ಷವಾಗಿತ್ತು.

"ಅವರು ಹೇಳದೇ ಇರೋದು ಯಾವುದಿದೆ?" ಎಂದಳು ಶಾಂತಕುಮಾರಿ.

ಶಿವಾಜಿನಗರದಿಂದ ಅಕ್ತರ್ ಬಂದ. ಜಿಪ್ಸಮ್ ಹಲಗೆಯ ಕೆಲಸ ಮಾಡುವವನು. ಕೋಲಿನಿಂದ ಸೂರನ್ನು ಅಲ್ಲಲ್ಲಿ ತಟ್ಟಿ ನೋಡಿ, ತಲೆಯ ಮೇಲೆ ಬಿದ್ದ ಸುಣ್ಣ ಒದರಿಕೊಂಡು ಹೇಳಿದ, "ಸಾರ್, ಇದು ಪೂರಾ ಹೋಗ್ಬಿಟ್ಟಿದೆ. ಗಾರೆ, ರೀಪರ್ ಎಲ್ಲಾ ಇಳ್ಸಿ, ಮೇಲೆ ತೊಲೆಗೇ ರಾಡ್ ಹಿಡ್ಸಿ ಹೊಸದು ನಿಲ್ಲಿಸ್ಬೇಕು. ಧೂಳು ಮಾತ್ರ ಜಾಸ್ತಿ ಆಗತ್ತೆ. ಎರಡು ವಾರ ಅಂತ ಇಟ್ಕೊಳ್ಳಿ."

"ಎರಡು ವಾರ ಎಲ್ಲಿದೆಯಪ್ಪಾ? ಆಷಾಢ ಬಂದ್ಬಿಡತ್ತೆ."

"ಅರ್ಜೆಂಟ್ ಅಂದ್ರೆ ಇನ್ನೊಂದಿದೆ. ಹಳೇದು ಹಂಗೇ ಇರ್ಲಿ. ಅದರ ರೀಪರ್‌ಗೇ ಸ್ಕ್ರೂ ಹಿಡ್ಸಿ ಕೆಳಗಡೆ ಹೊಸದು ಕಟ್ಬಿಡ್ತೀನಿ. ನೋಡೋರಿಗೆ ಏನೂ ಗೊತ್ತಾಗಲ್ಲ. ಗ್ಯಾರಂಟಿ ಮಾತ್ರ ನನ್ನ ಕೇಳ್ಬೇಡಿ."

ಮೂರ್ತಿ ವಿಮಾ ಕಚೇರಿಯಲ್ಲಿ ಜೀವಮಾನವಿಡೀ ಬೇರೆಯವರ ಮನೆ ಅಂಗಡಿಗಳ ಅಪಾಯ ಅಳೆದವನು. ಹೊಸ ಮಿಕ್ಸಿ ತಂದರೆ ಗ್ಯಾರಂಟಿ ಚೀಟಿಗೆ ಪ್ಲಾಸ್ಟಿಕ್ ಹೊದಿಸಿ ಇಡುವವನು. ಅಂಥವನು ಹೆಂಡತಿಯ ಮುಖ ನೋಡಿದ, ಗೋಡೆಯ ಪಂಚಾಂಗ ನೋಡಿದ, ಸೂರನ್ನು ಮಾತ್ರ ಇನ್ನೊಂದು ಸಲ ನೋಡಲಿಲ್ಲ. "ಹಾಗೇ ಮಾಡ್ಬಿಡು" ಎಂದ.

"ಮೇಲೆ ಥಳಕು, ಒಳಗೆ ಹುಳುಕು!" ಎಂದು ಮಂಚದಿಂದ ದನಿ ಬಂತು. "ಕೊಳೆತ ಹಲ್ಲಿಗೆ ಚಿನ್ನದ ಕವಚ ಹಾಕಿಸ್ತಿದೀಯಲ್ಲೋ ಮೂರ್ತಿ!"

ಇನ್ನು ಉಳಿದಿದ್ದು ಆ ದನಿಯ ಪ್ರಶ್ನೆ. ಗಂಡಿನವರ ಮುಂದೆ ಅದು ಬಾಯಿ ಬಿಟ್ಟರೆ ಬಣ್ಣಗೇಡು. ಶಾಂತಕುಮಾರಿ ಆ ಕೆಲಸವನ್ನು ಮಗಳಿಗೆ ವಹಿಸಿದಳು. ವಿಭಾ ಚಿಕ್ಕಂದಿನಲ್ಲಿ ಮಲಗಿ ಬೆಳೆದಿದ್ದು ಆ ಮಂಚದಲ್ಲೇ. ಶಾಲೆಗೆ ಹೋಗುವಾಗ ಎರಡು ಜಡೆ ಹಾಕಿದ್ದೂ ಆ ಕೈಗಳೇ. ಅವಳು ಸಂಜೆ ಎಣ್ಣೆ ಬಟ್ಟಲು ಹಿಡಿದು ಬಂದು ಕೆಳಗೆ ಕೂತು ತಲೆ ಒಡ್ಡಿದಳು.

"ದೊಡ್ಡತ್ತೆ, ಅವತ್ತೊಂದಿನ ನೀನು ಸೂರಿನ ವಿಷ್ಯ ಎತ್ಬಾರ್ದು."

"ಅವರೇ ಕೇಳಿದ್ರೆ?"

"ಕೇಳಲ್ಲ. ಕೇಳಿದ್ರೂ ಸುಮ್ನಿರ್ಬೇಕು. ಆಮೇಲೆ ಕೆಲ್ಸ ಮುಗಿಯೋವರೆಗೂ ನಿನ್ನ ಮಂಚ ಬಚ್ಚಲ ಹತ್ರ ಪ್ಯಾಸೇಜಲ್ಲಿ ಹಾಕ್ಬೇಕಂತೆ."

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು. "ಆಮೇಲೆ?"

"ನಿಶ್ಚಿತಾರ್ಥದ ಮಾರನೇ ದಿನ ವಾಪಸ್ ಕಿಟಕಿ ಹತ್ರ. ನಾನೇ ನಿಂತು ಹಾಕಿಸ್ತೀನಿ. ನಿನ್ನಾಣೆ."

"ನನ್ನ ಮೇಲೆ ಆಣೆ ಇಟ್ರೆ ಯಾರಿಗೇ ನಷ್ಟ? ನಿನ್ನ ಮೇಲೆ ಇಟ್ಕೋ."

ವಿಭಾ ನಕ್ಕು ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡಳು. ಕೈಗೆ ಎಣ್ಣೆ ಅಂಟಿತು.

ನಿಶ್ಚಿತಾರ್ಥದ ದಿನ ಹಾಲ್ ಮಿರಮಿರ ಮಿಂಚುತ್ತಿತ್ತು. ಬಿಳಿ ಸೂರು, ಅದರ ಅಂಚಿನಲ್ಲಿ ಅಡಗಿಸಿಟ್ಟ ಹಳದಿ ದೀಪಗಳು, ನಡುವೆ ಗಾಜಿನ ತೂಗುದೀಪ. ಮಂಚವಿದ್ದ ಜಾಗದಲ್ಲಿ ಹೊಸ ಸೋಫಾ. ಅದರ ಮೇಲೆ ಸಮರ್ಥನ ತಾಯಿ ಕೂತು ಕೋಸಂಬರಿಯ ಚಮಚ ಬಾಯಿಗಿಡುವ ಮೊದಲು ಮೇಲೆ ನೋಡಿದಳು.

"ಎಷ್ಟು ಚೆನ್ನಾಗಿದೆ ರೀ ಸೀಲಿಂಗು! ಹೊರಗಡೆಯಿಂದ ನೋಡಿದ್ರೆ ಹಳೇ ಮನೆ ಅನ್ಸತ್ತೆ, ಒಳಗೆ ಬಂದ್ರೆ ಅರಮನೆ. ಹಳೇ ಸೂರು ಕೀಳಿಸೋಕೆ ತುಂಬಾ ಕಷ್ಟ ಆಯ್ತಾ?"

ಮೂರ್ತಿ ಕೆಮ್ಮಿದ. ವಿಕ್ರಮ್ ಪಾಯಸದ ಪಾತ್ರೆ ಹಿಡಿದು ನಿಂತಲ್ಲೇ ನಿಂತ. ಮನೆಯವರ ಕಣ್ಣೆಲ್ಲ ಮೂಲೆಯ ಕುರ್ಚಿಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದ ವಿಮಲಾಕ್ಷಮ್ಮನ ಮೇಲೆ. ಆಕೆಯ ತುಟಿ ಅಲುಗಿತು. ಎದುರಿಗೆ ವಿಭಾ ಹಸಿರು ಸೀರೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ವಿಮಲಾಕ್ಷಮ್ಮ ತಟ್ಟೆಯಲ್ಲಿದ್ದ ಇಡೀ ಲಾಡನ್ನು ಎತ್ತಿ ಬಾಯಿಗೆ ತುರುಕಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ಆಕೆ ಮಾತನ್ನು ನುಂಗಿದ್ದು ಹಾಗೆ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿದು, ಪ್ಯಾಸೇಜಿನ ಮಂಚದಲ್ಲಿ ಕಾಲು ಇಳಿಬಿಟ್ಟು ಕಾದಳು. ಯಾರೂ ಬರಲಿಲ್ಲ. ಹನ್ನೊಂದರ ಹೊತ್ತಿಗೆ ಕೂಗಿದಳು.

"ಅತ್ತಿಗೆ, ಈಗ ಸೋಫಾ ಎಲ್ಲಿ ಇಡೋಣ ಹೇಳಿ" ಎಂದಳು ಶಾಂತಕುಮಾರಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಅಷ್ಟು ಖರ್ಚು ಮಾಡಿದೀವಿ. ಆ ಸೂರಿನ ಕೆಳಗೆ ಈ ಮಂಚ ಚೆನ್ನಾಗಿ ಕಾಣಲ್ಲ."

"ಕಾಣೋದು ಬೇಡ. ನಾನು ಮಲಗಿರ್ತೀನಿ, ನೀವು ನೋಡ್ಬೇಡಿ."

"ಬೀಗರು ಆಗಾಗ ಬರ್ತಿರ್ತಾರೆ. ಮದುವೆ ಒಂದು ಮುಗೀಲಿ."

"ವಿಭಾ! ಬಾರೇ ಇಲ್ಲಿ. ಏನು ಹೇಳಿದ್ದೆ ನೀನು?"

ವಿಭಾ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ. "ಇನ್ನೆರಡು ತಿಂಗಳು ಅಡ್ಜಸ್ಟ್ ಮಾಡ್ಕೋ ದೊಡ್ಡತ್ತೆ. ಹಾಕ್ಸಲ್ಲ ಅಂದ್ನಾ? ಸ್ವಲ್ಪ ಲೇಟಾಗತ್ತೆ ಅಷ್ಟೆ."

"ತಲೆ ಮೇಲೆ ಕೈ ಇಟ್ಕೊಂಡಿದ್ಯಲ್ಲೇ!"

"ಅಯ್ಯೋ, ಎಲ್ಲಾದಕ್ಕೂ ಹೀಗೆ ಕೂಗ್ಬೇಡ. ಪಕ್ಕದ ಮನೆಯವರಿಗೆಲ್ಲ ಕೇಳತ್ತೆ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ವಿಮಲಾಕ್ಷಮ್ಮ ನಶ್ಯದ ಡಬ್ಬಿ ತೆಗೆದಳು, ಮುಚ್ಚಿದಳು. ಆಕೆಗೆ ಅಳು ಬಂದಿತ್ತು. ಅಳುವ ಅಭ್ಯಾಸವಿಲ್ಲದ್ದರಿಂದ ಸೀನಿದಳು.

ಪ್ಯಾಸೇಜಿನಲ್ಲಿ ಕಿಟಕಿ ಇರಲಿಲ್ಲ. ಎದುರಿಗೆ ಬಚ್ಚಲಿನ ಬಾಗಿಲು, ಪಕ್ಕದಲ್ಲಿ ವಾಷಿಂಗ್ ಮಷಿನ್. ಬೆಳಿಗ್ಗೆ ಸ್ನಾನಕ್ಕೆ ಹೋಗುವವರು ಮಂಚದ ಕಾಲಿಗೆ ಎಡವಿ ಬಯ್ಯುತ್ತಿದ್ದರು. "ಈ ಮಂಚ ಒಂದಿನ ನನ್ನ ಕಾಲು ಮುರಿಯತ್ತೆ" ಎಂದು ವಿಕ್ರಮ್ ದಿನಾ ಹೇಳುವನು. ಇದನ್ನು ಮಾರಿ ಮಡಚುವ ಕಬ್ಬಿಣದ ಮಂಚ ತಂದರೆ ಜಾಗ ಉಳಿಯುತ್ತದೆ ಎಂದು ಶಾಂತಕುಮಾರಿ ಲೆಕ್ಕ ಹಾಕಿದಳು. ರೇಡಿಯೊ ಇಡಲು ಪ್ಲಗ್ ಪಾಯಿಂಟ್ ಇರಲಿಲ್ಲ. ಇದ್ದ ಒಂದರಲ್ಲಿ ವಾಷಿಂಗ್ ಮಷಿನ್ನಿನ ವೈರು.

ಬದ್ರುನ್ನೀಸಾ ಎರಡು ಮಧ್ಯಾಹ್ನ ಕಿಟಕಿಗೆ ಬಂದು, "ಆಪಾ, ಓ ಆಪಾ" ಎಂದು ಕರೆದು, ಒಳಗಿನ ಸೋಫಾ ನೋಡಿ ಹೋದಳು. ಮೂರನೆಯ ದಿನ ಚಪ್ಪಲಿ ಬಿಟ್ಟು ಬಾಗಿಲಿಗೇ ಬಂದಳು. "ಮಲಗಿದಾರೆ" ಎಂದಳು ಶಾಂತಕುಮಾರಿ. ಹೊಸ ಸೋಫಾದ ಮೇಲೆ ಬೀದಿಯವರೆಲ್ಲ ಬಂದು ಕೂರಲು ಶುರುಮಾಡಿದರೆ ಕೊನೆಯೆಲ್ಲಿ? ವಿಮಲಾಕ್ಷಮ್ಮ ಮಲಗಿರಲಿಲ್ಲ, ಸಾಸಿವೆ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ರಂಜನಾ ಅದನ್ನು ಕೇಳಿಸಿಕೊಂಡಳು. ಅವಳು ಆ ಮನೆಯಲ್ಲಿ ಹೆಚ್ಚು ಹೇಳುವವಳಲ್ಲ, ಮರೆಯುವವಳೂ ಅಲ್ಲ.

ಆಷಾಢದ ಮಳೆ ಹಿಡಿಯಿತು. ಸೂರು ಕಟ್ಟುವಾಗ ತೂಗುದೀಪದ ತಂತಿ ಎಳೆಯಲು ಮೇಲೆ ಹತ್ತಿದ್ದವರ ಕಾಲಿಗೆ ಸರಿದಿದ್ದ ಹೆಂಚೊಂದರಿಂದ ನೀರು ಇಳಿಯಿತು. ಮೊದಲಾಗಿದ್ದರೆ ಅದು ವಿಮಲಾಕ್ಷಮ್ಮನ ಹೊದಿಕೆಗೆ ತೊಟ್ಟಿಕ್ಕಿ, ಆಕೆ ಕೂಗಿ, ಯಾರಾದರೂ ಹೆಂಚು ಸರಿಮಾಡುತ್ತಿದ್ದರು. ಈಗ ಹೊಸ ಸೂರು ಹಳೆಯದರ ಸಂಕಟವನ್ನು ಮುಚ್ಚಿತ್ತು. ಗಾರೆ ನೀರು ಕುಡಿದು ಭಾರವಾಗುತ್ತಾ ಹೋಯಿತು. ಒಂದು ಮಧ್ಯಾಹ್ನ, ಮೂರ್ತಿ ದಂಪತಿಗಳು ಲಗ್ನಪತ್ರಿಕೆ ಮಾದರಿ ನೋಡಲು ಹೋಗಿದ್ದಾಗ, ಅದು ಪಟ್ಟಿಗಳನ್ನು ಬಿಟ್ಟು ಜಿಪ್ಸಮ್ ಹಲಗೆಯ ಮೇಲೆ ಬಿತ್ತು. ಆ ಹಲಗೆಯ ಸ್ಕ್ರೂಗಳು ಹಿಡಿದುಕೊಂಡಿದ್ದು ಅದೇ ಪಟ್ಟಿಗಳನ್ನು. ಪಟ್ಟಿಗಳು ಮೊಳೆ ಸಮೇತ ಕಿತ್ತುಕೊಂಡು ಬಂದವು. ಹೊಸದು, ಹಳೆಯದು, ತೂಗುದೀಪ, ಹಳದಿ ಬೆಳಕಿನ ಅಂಚು ಎಲ್ಲ ಒಟ್ಟಿಗೆ ಸೋಫಾದ ಮೇಲೆ ಕುಸಿದವು.

ವಿಮಲಾಕ್ಷಮ್ಮನಿಗೆ ಸದ್ದಿಗಿಂತ ಮೊದಲು ನೆಲ ನಡುಗಿದ್ದು ತಿಳಿಯಿತು. ಅಡುಗೆಮನೆಯಿಂದ ರಂಜನಾ ಓಡಿ ಬಂದಳು. ಇಬ್ಬರೂ ಬಾಗಿಲಲ್ಲಿ ನಿಂತು, ಸುಣ್ಣದ ಮೋಡ ಇಳಿಯುವವರೆಗೂ ನೋಡಿದರು. ಮೇಲೆ ತೊಲೆ, ತೊಲೆಯ ಮೇಲೆ ಹೆಂಚು, ಹೆಂಚಿನ ಸಂದಿಯಲ್ಲಿ ಆಕಾಶ. ಅರ್ಧ ಮುರಿದ ಪಟ್ಟಿಗಳು ಅಂಚಿನಲ್ಲಿ ನೇತಾಡುತ್ತಿದ್ದವು.

ಸಂಜೆಗೆ ಬೀದಿಯೆಲ್ಲ ಬಂತು. ಶಾಂತಕುಮಾರಿ ಮೊದಲು ಸೋಫಾ ನೋಡಿ ಅತ್ತಳು. ಬದ್ರುನ್ನೀಸಾ ಎದೆಯ ಮೇಲೆ ಕೈ ಇಟ್ಟುಕೊಂಡು, "ಯಾ ಅಲ್ಲಾ, ಆಪಾ ಮಂಚ ಇಲ್ಲೇ ಇತ್ತಲ್ಲ!" ಎಂದಾಗ ಶಾಂತಕುಮಾರಿಯ ಅಳು ಅರ್ಧಕ್ಕೇ ನಿಂತಿತು. ಆ ಮಾತು ಅವಳಿಗೆ ಹೊಳೆದೇ ಇರಲಿಲ್ಲ.

"ಅದೇ ನೋಡಿ! ನಮ್ಮ ಅತ್ತಿಗೇನ ಅಲ್ಲಿಂದ ಎಬ್ಬಿಸಿ ಒಳಗೆ ಹಾಕಿದ್ದು ಎಷ್ಟು ಒಳ್ಳೇದಾಯ್ತು. ನನ್ನ ಮನಸ್ಸಿಗೆ ಏನೋ ಅನ್ನಿಸ್ತಾನೇ ಇತ್ತು. ದೇವರೇ ಬುದ್ಧಿ ಕೊಟ್ಟ."

ಎರಡನೆಯ ಸಲ ಹೇಳುವಾಗ ದೇವರು ಬಿಟ್ಟುಹೋಗಿ ಬುದ್ಧಿ ಅವಳದೇ ಆಯಿತು. ಕಮ್ಮನಹಳ್ಳಿಯ ತಂಗಿಗೆ ಫೋನಿನಲ್ಲಿ ಹೇಳುವ ಹೊತ್ತಿಗೆ, ಅತ್ತಿಗೆಯ ಮಂಚ ತೆಗೆಸಲು ತಾನು ಮೂರು ದಿನ ಜಗಳವಾಡಿದ್ದೆ ಎನ್ನುವಲ್ಲಿಗೆ ಬಂತು. ಮೂರ್ತಿ ಪಕ್ಕದಲ್ಲೇ ಕೂತು ಹೌದೆಂದು ತಲೆದೂಗಿದ. ವಿಮಾ ಕಚೇರಿಯವನಲ್ಲವೇ, ನಷ್ಟದಲ್ಲೂ ಲಾಭ ತೋರಿಸುವುದು ಗೊತ್ತಿತ್ತು.

ಶ್ರಾವಣದೊಳಗೆ ಸೂರು ಮತ್ತೆ ಆಗಬೇಕಿತ್ತು. ಈ ಸಲ ಎಲ್ಲ ಇಳಿಸಿ ತೊಲೆಗೇ ಹಿಡಿಸುವುದು ಎಂದು ಅಕ್ತರನಿಗೆ ಹೇಳಿದರು. ಅವನು ಬರಬೇಕಿದ್ದ ಶುಕ್ರವಾರ ಬೆಳಿಗ್ಗೆ ಶಾಂತಕುಮಾರಿ ಗಂಡನ ಜೊತೆ ಅಮ್ಮನ ಗುಡಿಗೆ ಹೋದಳು. ವಿಕ್ರಮ್ ಮಲಗಿದ್ದ. ವಿಮಲಾಕ್ಷಮ್ಮ ರಂಜನಾಳನ್ನು ಕರೆದಳು.

"ಈ ಮಂಚದ ಒಂದು ಕಡೆ ಹಿಡಿ."

ರಂಜನಾ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. "ಅತ್ತೆ ನನ್ನ ಬೈತಾರೆ."

"ಬೈತಾಳೆ."

ಇಬ್ಬರೂ ಮಂಚವನ್ನು ಇಂಚು ಇಂಚಾಗಿ ಎಳೆದು, ಮುರಿದ ಸೋಫಾ ತೆಗೆದು ಖಾಲಿಯಾಗಿದ್ದ ಕಿಟಕಿಯ ಪಕ್ಕ ಹಾಕಿದರು. ವಿಮಲಾಕ್ಷಮ್ಮ ಕಿಟಕಿ ತೆಗೆದು, ನಶ್ಯ ಏರಿಸಿ, ಬೆನ್ನು ಗೋಡೆಗೆ ಕೊಟ್ಟು ಕೂತಳು. ಮೂರ್ತಿ ಕುಂಕುಮ ಹಚ್ಚಿಕೊಂಡು ಬಂದಾಗ ಅಕ್ತರ್ ಏಣಿಗೆ ಒರಗಿ ಬೀಡಿ ಸೇದುತ್ತಿದ್ದ.

"ಅಜ್ಜಿ ಏಳ್ತಿಲ್ಲ ಸಾರ್. ನಾನು ಹೆಂಗೆ ಕೀಳ್ಲಿ?"

"ಅಕ್ಕಾ, ಏನಿದು? ಏಳು. ಮೇಲಿಂದ ಬೀಳತ್ತೆ."

"ಇಷ್ಟು ವರ್ಷ ಬೀಳ್ತಾನೇ ಇತ್ತಲ್ಲೋ. ಆಗ ಒಬ್ರಾದ್ರೂ ಏಳ್ಸಿದ್ರಾ?"

"ತಲೆ ಒಡ್ಕೊಂಡ್ರೆ ಯಾರು ಹೊಣೆ?"

"ಶಾಂತನ್ನ ಕೇಳು. ಅವಳಿಗೆ ಮೊದ್ಲೇ ಗೊತ್ತಾಗತ್ತಂತಲ್ಲ."

"ನಿಮ್ಮ ಒಳ್ಳೇದಕ್ಕೇ ಹೇಳೋದು ಅತ್ತಿಗೆ" ಎಂದಳು ಶಾಂತಕುಮಾರಿ, ಪ್ರಸಾದದ ಬುಟ್ಟಿ ಕೆಳಗಿಡುತ್ತಾ. "ಇದನ್ನ ಇಲ್ಲಿಗೆ ಎಳ್ಕೊಟ್ಟವರು ಯಾರು?" ರಂಜನಾ ಅಡುಗೆಮನೆಗೆ ಹೋದಳು.

"ಮಾತು ತಪ್ಪಿದ್ದು ನೀವು" ಎಂದಳು ವಿಮಲಾಕ್ಷಮ್ಮ. "ನಾನು ಬಾಯಿ ಮುಚ್ಕೊಂಡು ನಿಮ್ಮ ಮಾನ ಉಳಿಸ್ದೆ. ನನಗೆ ನನ್ನ ಜಾಗ ಬೇಕು. ಸೂರು ಚಿನ್ನದ್ದೇ ಹಾಕ್ಸಿ, ಬೇಡ ಅನ್ನಲ್ಲ. ಅದರ ಕೆಳಗೆ ನನ್ನ ಮಂಚ ಇರ್ಬೇಕು ಅಷ್ಟೆ."

ಮೂರ್ತಿ ಅಕ್ತರನಿಗೆ ಆ ಕಡೆಯಿಂದ ಶುರುಮಾಡು ಎಂದ. ಪಟ್ಟಿಗಳು ಒಂದೊಂದಾಗಿ ಕಿರುಗುಟ್ಟಿ ಇಳಿಯತೊಡಗಿದವು. ಧೂಳಿಗೆ ವಿಮಲಾಕ್ಷಮ್ಮನ ತಲೆ ಬೆಳ್ಳಗಿದ್ದದ್ದು ಇನ್ನೂ ಬೆಳ್ಳಗಾಯಿತು. ಬದ್ರುನ್ನೀಸಾ ಕಿಟಕಿಗೆ ಬಂದಳು, ಮೂಗಿಗೆ ದುಪಟ್ಟಾ ಹಿಡಿದು ನಕ್ಕಳು. ಮಧ್ಯಾಹ್ನ ರಂಜನಾ ತಟ್ಟೆ ತಂದುಕೊಟ್ಟಳು. ಅನ್ನದ ಮೇಲೆ ಸುಣ್ಣದ ಚೂರು ಬಿತ್ತು. ವಿಮಲಾಕ್ಷಮ್ಮ ಅದನ್ನು ಅಂಚಿಗಿಟ್ಟು ಖುಷಿಯಿಂದ ಉಂಡಳು. ಅಷ್ಟು ರುಚಿಯಾಗಿ ಉಂಡು ತಿಂಗಳಾಗಿತ್ತು.

ಆದರೆ ಮುದುಕಿಯ ದೇಹ ಸತ್ಯಾಗ್ರಹಕ್ಕೆ ಒಗ್ಗುವುದಲ್ಲ. ಊಟವಾದ ಸ್ವಲ್ಪ ಹೊತ್ತಿಗೆ ಬಚ್ಚಲಿಗೆ ಹೋಗಲೇಬೇಕಾಯಿತು. ತಾನು ಎದ್ದರೆ ಮಂಚ ಏನಾಗುತ್ತದೆಂದು ಆಕೆಗೆ ಗೊತ್ತಿತ್ತು. ವಿಭಾಳನ್ನು ಕರೆದಳು.

"ನಾನು ಬರೋವರೆಗೂ ಇದರ ಮೇಲೆ ಕೂತಿರು. ಏಳ್ಬೇಡ. ಆಣೆ ಗೀಣೆ ಏನೂ ಬೇಡ, ಸುಮ್ನೆ ಕೂತಿರು."

ವಿಭಾ ಕೂತಳು. ಅತ್ತೆಯ ಬೆನ್ನು ಪ್ಯಾಸೇಜಿನ ತಿರುವಿನಲ್ಲಿ ಮರೆಯಾಗುವವರೆಗೂ ನಿಜವಾಗಿ ಕೂತೇ ಇದ್ದಳು. ಅಷ್ಟರಲ್ಲಿ ಅವಳ ಅಮ್ಮ ಬಂದು, "ನಾಳೆ ಸಮರ್ಥನ ತಾಯಿ ಸೂರು ನೋಡೋಕೆ ಬರ್ತಾರಂತೆ" ಎಂದಳು. ವಿಭಾ ಎದ್ದಳು.

ವಿಮಲಾಕ್ಷಮ್ಮ ಬಚ್ಚಲಿನ ಬಾಗಿಲು ತೆಗೆದಾಗ ಎದುರಿಗೆ ಮಂಚವಿತ್ತು. ವಿಕ್ರಮ್ ಅದರ ಕಾಲನ್ನು ಗೋಡೆಗೆ ಒತ್ತುತ್ತಿದ್ದ. ಇನ್ನೊಂದು ಕಡೆ ಹಿಡಿದು ತಂದಿದ್ದ ಅಕ್ತರ್, "ತಪ್ಪು ತಿಳ್ಕೋಬೇಡಿ ಅಜ್ಜಿ" ಎಂದು ಹೊರಟುಹೋದ. ಹಾಲ್‌ನ ಬಾಗಿಲಲ್ಲಿ ವಿಭಾ ಇತ್ತ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದಳು. ವಿಮಲಾಕ್ಷಮ್ಮ ಕರೆಯಲಿಲ್ಲ. ಆಕೆ ಕೂಗದೇ ಇದ್ದದ್ದು ಮನೆಯಲ್ಲಿ ಎಲ್ಲರಿಗೂ ಕೇಳಿಸಿತು.

ಮಾರನೆಯ ಸಂಜೆ ಸಮರ್ಥನ ತಾಯಿ ಹಣ್ಣಿನ ಚೀಲ ಹಿಡಿದು ಬಂದಳು. ಹಾಲ್ ನೋಡಿ ಗಲ್ಲ ಬಡಿದುಕೊಂಡಳು. ಶಾಂತಕುಮಾರಿ ಕಥೆಯನ್ನು ಮೊದಲಿನಿಂದ ಹೇಳಿದಳು. "ಪಾಪ, ಅವರನ್ನ ನೋಡ್ಬೇಕು" ಎಂದು ಬೀಗಿತ್ತಿ ಎದ್ದಳು. ಬೇಡ ಎನ್ನಲಾಗಲಿಲ್ಲ. ಇಡೀ ಮನೆ ಆಕೆಯ ಹಿಂದೆ ಪ್ಯಾಸೇಜಿಗೆ ಬಂತು. ವಿಭಾ ಎಲ್ಲರಿಗಿಂತ ಹಿಂದೆ, ವಾಷಿಂಗ್ ಮಷಿನ್ನಿಗೆ ಒತ್ತಿಕೊಂಡು ನಿಂತಳು.

"ಹೇಗಿದೀರಮ್ಮ? ದೇವರು ದೊಡ್ಡವನು. ಇವರು ನಿಮ್ಮನ್ನ ಮೊದಲೇ ಇಲ್ಲಿಗೆ ಕರ್ಕೊಂಡು ಬಂದಿದ್ದು ಎಂಥಾ ಒಳ್ಳೇದಾಯ್ತಲ್ವಾ?"

ವಿಮಲಾಕ್ಷಮ್ಮ ವಿಭಾಳ ಮುಖ ನೋಡಿದಳು. ಈ ಸಲ ಲಾಡು ಇರಲಿಲ್ಲ.

"ಸೂರು ಬೀಳತ್ತೆ ಅಂತ ನನ್ನ ಎಬ್ಬಿಸಲಿಲ್ಲ ಕಣಮ್ಮ" ಎಂದಳು, ತನ್ನ ಎಂದಿನ ದನಿಯಲ್ಲಿ. "ನಿಮಗೆ ಚೆನ್ನಾಗಿ ಕಾಣಲ್ಲ ಅಂತ ಎಬ್ಬಿಸಿದ್ರು. ಹಳೇ ಸೂರು ಕಿತ್ತಿರ್ಲೇ ಇಲ್ಲ. ಕೊಳೆತಿದ್ದನ್ನ ಮುಚ್ಚಿ ನಿಮಗೆ ತೋರಿಸಿದ್ರು. ನಿನ್ನೆ ಕೂಡ ನನ್ನ ಮಂಚ ಹೊತ್ತು ತಂದು ಇಲ್ಲಿ ಹಾಕಿದ್ದು, ಇವತ್ತು ನೀವು ಬರ್ತೀರಿ ಅಂತ."

ಮೂರ್ತಿ ಕಣ್ಣು ಮುಚ್ಚಿದ.

ಸಮರ್ಥನ ತಾಯಿ ಮುದುಕಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಕ್ಕುಬಿಟ್ಟಳು. ಕುಹಕವೇನೂ ಇಲ್ಲ, ಬಲು ಆತ್ಮೀಯ ನಗು.

"ಅಯ್ಯೋ, ನೀವೇನೂ ಬೇಜಾರು ಮಾಡ್ಕೋಬೇಡಿ ಶಾಂತಕುಮಾರಿಯವರೇ. ವಯಸ್ಸಾದವರು ಎಲ್ಲಾ ಕಡೇನೂ ಹೀಗೇ. ನಮ್ಮ ಅತ್ತೇದೂ ಇದೇ ಕಥೆ. ಫ್ಲ್ಯಾಟಿಗೆ ಬಂದಾಗ ಬಾಲ್ಕನಿ ರೂಮೇ ಬೇಕು ಅಂತ ಹಟ. ಈಗ ಸ್ಟೋರ್ ರೂಮಲ್ಲೇ ಹಾಸಿಗೆ ಹಾಕ್ಕೊಟ್ಟಿದೀವಿ. ಬಂದವರ ಹತ್ರ ನಮ್ಮ ಮೇಲೆ ಚಾಡಿ ಹೇಳ್ತಾರೆ, ಯಾರೂ ತಲೆ ಕೆಡಿಸ್ಕೊಳಲ್ಲ. ಆಮೇಲೆ ಅವರಿಗೇ ಅಭ್ಯಾಸ ಆಗತ್ತೆ." ವಿಭಾಳ ಕಡೆ ತಿರುಗಿ, "ನೀನು ಬಂದ್ಮೇಲೆ ಅವರ ಊಟ ತಿಂಡಿ ನಿನ್ನದೇ ಪುಟ್ಟಾ. ಇಲ್ಲಿ ನೋಡ್ಕೊಂಡು ನಿನಗೆ ರೂಢಿ ಇದೆಯಲ್ಲ" ಎಂದಳು.

ವಿಮಲಾಕ್ಷಮ್ಮನ ಕೈಯಲ್ಲಿದ್ದ ನಶ್ಯದ ಡಬ್ಬಿ ಕೈಯಲ್ಲೇ ಉಳಿಯಿತು. ಜೀವಮಾನವಿಡೀ ತನ್ನ ನಾಲಿಗೆಗೆ ಈ ಮನೆ ಹೆದರುತ್ತದೆ ಎಂದುಕೊಂಡಿದ್ದಳು. ಆಕೆಯ ಹತ್ತಿರ ಇದ್ದದ್ದು ಅದೊಂದೇ. ಹಣ್ಣಿನ ಚೀಲವನ್ನು ಯಾರೋ ಮಂಚದ ಮೇಲಿಟ್ಟರು. ಆಕೆ ಗೋಡೆಯ ಕಡೆ ತಿರುಗಿ ಮಲಗಿದಳು.

ಬೀಗಿತ್ತಿಯನ್ನು ಆಟೋ ಹತ್ತಿಸಿ ಬಂದ ಶಾಂತಕುಮಾರಿಗೆ ಹಿಡಿಸಲಾರದಷ್ಟು ಹಿಗ್ಗು. "ಎಂಥಾ ಹೊಂದಾಣಿಕೆ ಜನ ನೋಡಿದ್ರಾ! ಬೇರೆಯವರಾಗಿದ್ರೆ ಸಂಬಂಧಾನೇ ಮುರಿದು ಹೋಗ್ತಿತ್ತು. ವಿಭಾ ಪುಣ್ಯ ಮಾಡಿದಾಳೆ." ವಿಭಾ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ರಂಜನಾ ಹಾಲ್‌ನಲ್ಲಿ ಬಿದ್ದಿದ್ದ ಪಟ್ಟಿಗಳನ್ನು ಆಯ್ದು ಮೊಳೆ ಚುಚ್ಚದಂತೆ ಹುಷಾರಾಗಿ ಕಟ್ಟು ಕಟ್ಟುತ್ತಿದ್ದಳು.

"ಅದನ್ನೆಲ್ಲ ಗುಜರಿಯವನಿಗೆ ಹಾಕ್ಬಿಡು" ಎಂದಳು ಶಾಂತಕುಮಾರಿ. "ಅವನು ಬಂದಾಗ ಆ ಮಂಚಕ್ಕೂ ಬೆಲೆ ಕೇಳು. ಮಡಚೋ ಮಂಚ ಒಂದು ತಂದು ಬಿಡೋಣ, ಪ್ಯಾಸೇಜಲ್ಲಿ ಓಡಾಡೋಕೆ ಜಾಗ ಆಗತ್ತೆ."

ರಂಜನಾ ಕಟ್ಟಿನ ಗಂಟು ಬಿಗಿಮಾಡಿದಳು. ತಲೆ ಎತ್ತಿ ಅತ್ತೆಯನ್ನು ನೋಡಿದಳು, ಬಲು ವಿನಯವಾಗಿ.

"ಪಟ್ಟಿ ಹಾಕ್ತೀನಿ ಅತ್ತೆ. ಮಂಚ ಇರ್ಲಿ, ಗಟ್ಟಿ ಮರ" ಎಂದಳು. "ಪ್ಯಾಸೇಜಿಗೆ ಸರಿಯಾಗಿ ಕೂತಿದೆ. ಮುಂದಕ್ಕೂ ಬೇಕಾಗತ್ತೆ."